ಲಕ್ಷ ಕೋಟಿಗೆ ಒಂದು

ಜಗತ್ತಿನಲ್ಲಿ ಬೇರೆ ಯಾರನ್ನೂ ಉಳಿಸಲು ನನ್ನಿಂದ ಆಗದಿದ್ದರೂ, ನನ್ನ ಹೆಂಡತಿ ರೂಪಾಲಿಯ ತಲೆಯನ್ನು ಅಂತರಿಕ್ಷದ ಕಸದಿಂದ ಕಾಪಾಡಿಯೇ ತೀರುತ್ತೇನೆ ಎಂದು ಕಳೆದ ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ, ಹಲ್ಲುಜ್ಜುತ್ತ ನಿಂತಲ್ಲೇ ಶಪಥ ಮಾಡಿದೆ. ಶಪಥ ನೆರವೇರಿತು. ಆಕೆಯ ತಲೆ ಇವತ್ತಿಗೂ ಸುರಕ್ಷಿತವಾಗಿದೆ. ಅದು ನನ್ನ ಕಡೆ ತಿರುಗಲು ಮಾತ್ರ ತಿಂಗಳ ಮೇಲಾಯಿತು.

ನನ್ನ ಮನೆ ಅಂಕೋಲೆಯಲ್ಲಿ, ನೌಕರಿ ಕಾರವಾರದ ಒಂದು ಕಚೇರಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಮೊಬೈಲಿನಲ್ಲಿ ವಿಜ್ಞಾನ ಓದುತ್ತೇನೆ. ಆ ವಾರದ ವಿಜ್ಞಾನ ಇಷ್ಟು: ಯಾವುದೋ ದೇಶ ಹಾರಿಸಿದ ರಾಕೆಟ್ಟಿನ ಖಾಲಿ ಟಾಂಕಿಯೊಂದು ಭೂಮಿಗೆ ಬೀಳಲಿದೆ, ಎಲ್ಲಿ ಎಂದು ಯಾರೂ ಹೇಳಲಾರರು. ಜೊತೆಗೊಂದು ನಕ್ಷೆ, ನಕ್ಷೆಯ ತುಂಬ ಕೆಂಪು ಗೆರೆಗಳು. ಒಂದು ಗೆರೆಯನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಅರಬ್ಬಿ ಸಮುದ್ರ ದಾಟಿ, ಕಾರವಾರವನ್ನು ಬಿಟ್ಟು, ಸೀದಾ ಅಂಕೋಲೆಗೇ ಬಂದಿತ್ತು. ಗುರುವಾರ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ. ಇನ್ನೂ ಹಿಗ್ಗಿಸಿದ್ದರೆ ನಮ್ಮ ತಾರಸಿಯೇ ಕಾಣುತ್ತಿತ್ತೋ ಏನೋ, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಆ ತಾರಸಿಯ ಮೇಲೆ ರೂಪಾಲಿಯ ಮುರುಗಲ, ಅಂದರೆ ಕೋಕಂ ಹಣ್ಣಿನ, ಸಿಪ್ಪೆ ಒಣಗುತ್ತಿತ್ತು. ಹಣ್ಣು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯನ್ನು ಹಗಲು ಬಿಸಿಲಿಗೆ ಹರವಬೇಕು. ಸಂಜೆ ಅದರದೇ ಉಪ್ಪು ಹಾಕಿದ ರಸದಲ್ಲಿ ಅದ್ದಬೇಕು. ಮರುದಿನ ಮತ್ತೆ ಬಿಸಿಲು. ಹೀಗೆ ಏಳು ಬಿಸಿಲು ಕಂಡರೆ ಕಪ್ಪಗೆ ಮೆತ್ತಗಾಗಿ ವರ್ಷಗಟ್ಟಲೆ ಬಾಳುತ್ತದೆ. ನಡುವೆ ಮಳೆನೀರು ಬಿದ್ದರೆ ಬೂಸು ಬಂದು ಹೋಯಿತು ಎಂದೇ ಲೆಕ್ಕ. ಈ ಸಲದ ಹಣ್ಣು ಅಗಸೂರಿನ ಅವಳ ತವರುಮನೆಯ ಮರದ್ದು. ಅವಳು ಹುಟ್ಟಿದ ವರ್ಷ ಅವಳ ಅಪ್ಪ ನೆಟ್ಟ ಮರ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ರಸ್ತೆ ಅಗಲ ಮಾಡುವವರು ಮರಕ್ಕೆ ಬಿಳಿ ಬಣ್ಣದಲ್ಲಿ ನಂಬರು ಬರೆದು, ಹಣ್ಣು ಕೊಯ್ಯಲು ಎಂಟು ದಿನ ಬಿಟ್ಟು, ಒಂಬತ್ತನೇ ದಿನ ಕಡಿದಿದ್ದರು. ಅಂದರೆ ತಾರಸಿಯ ಮೇಲಿದ್ದದ್ದು ಆ ಮರದ ಕೊನೆಯ ಹಣ್ಣು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಅದಕ್ಕೇ ಈ ತಪ್ಪೊಪ್ಪಿಗೆ.

“ಇವತ್ತು ಹನ್ನೆರಡರಿಂದ ನಾಲ್ಕರ ತನಕ ತಾರಸಿಗೆ ಹೋಗ್ಬೇಡ,” ಎಂದೆ.

“ಎಂತಕ್ಕೆ?”

“ರಾಕೆಟ್ ಬೀಳ್ತದೆ.”

“ಯಾರ ಮೇಲೆ?”

“ಅದು ಗೊತ್ತಿದ್ರೆ ಅವ್ರಿಗೇ ಹೇಳ್ತಿದ್ದೆ.”

“ಎಷ್ಟು ಜನರ ತಲೆ ಮೇಲೆ ಬೀಳೂದಂತೆ?”

ವಿಜ್ಞಾನ ಬಲ್ಲವನು ಸುಳ್ಳು ಹೇಳಬಾರದು. “ಒಬ್ಬರ ತಲೆಗೆ ಬೀಳೂದು ಲಕ್ಷ ಕೋಟಿಗೆ ಒಂದು ಸಲ ಅಂತಾರೆ.”

“ಹಂಗಾದ್ರೆ ಪುರಸೊತ್ತದೆ. ಇವತ್ತು ಏಳನೇ ಬಿಸ್ಲು. ಮಧ್ಯಾಹ್ನ ಒಂದ್ಸಲ ತಿರುವಿ ಹಾಕಿ, ಸಂಜಿಗೆ ಭರಣಿಗೆ ತುಂಬೂದೇ.”

“ಆ ಒಂದು ನೀನೇ ಆದ್ರೆ?”

“ನನ್ನ ನಸೀಬು ಅಷ್ಟು ದೊಡ್ಡದಿದ್ರೆ ನಿಮ್ಮನ್ನ ಮದ್ವೆ ಆಗ್ತಿದ್ನಾ?”

ವಾರಕ್ಕೆರಡು ಸಲ ತರಕಾರಿ ತರುವ ಅಜ್ಜಿ ಬೊಮ್ಮಿ ಆಗ ಬಾಗಿಲಲ್ಲಿ ಬುಟ್ಟಿ ಇಳಿಸಿ ಕುಳಿತಿದ್ದಳು. ಮೂಡಣ ಗುಡ್ಡದ ಕಡೆ ಒಮ್ಮೆ ನೋಡಿ, “ಮಳಿ ಬತ್ತದೆ ತಂಗಿ, ಮದ್ಯಾನ ಕಳದ್ಮೇಲೆ. ಸಿಪ್ಪೆ ಬೇಗ ತೆಗಿ,” ಎಂದಳು. ನಾನು ನಕ್ಕೆ. ಅಂತರಿಕ್ಷದ ಸಮಾಚಾರವನ್ನೇ ಕಿಸೆಯಲ್ಲಿ ಇಟ್ಟುಕೊಂಡವನಿಗೆ ಬಸಲೆ ಸೊಪ್ಪಿನ ಬುಟ್ಟಿಯಿಂದ ಹವಾಮಾನ ವರದಿಯೇ?

ರೂಪಾಲಿ ಸ್ನಾನಕ್ಕೆ ಹೋದದ್ದೇ ತಡ, ತಾರಸಿಯ ಕಬ್ಬಿಣದ ಬಾಗಿಲಿಗೆ ಹೊಸ ಬೀಗ ಜಡಿದು, ಎರಡೂ ಕೀಲಿಕೈಗಳನ್ನು ಕಿಸೆಗೆ ಇಳಿಸಿ, ಕಾರವಾರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ದೂರದೃಷ್ಟಿಗೆ ನಾನೇ ತಲೆದೂಗಿದೆ.

ಊಟದ ಹೊತ್ತಿಗೆ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ, ಪಕ್ಕದ ಮೇಜಿನ ಶಾಂತಾರಾಮನಿಗೆ ಟಾಂಕಿಯ ಪಥವನ್ನು ವಿವರಿಸಲು ಕುಳಿತೆ. ಟಾಂಕಿ ಆಫ್ರಿಕಾ ದಾಟುತ್ತಿದ್ದಾಗ ನಕ್ಷೆಯ ಮೇಲೆ ರೂಪಾಲಿಯ ಹೆಸರು ಬಂತು. ಕರೆ ಕಟ್ ಮಾಡಿದೆ. ಟಾಂಕಿ ಸಮುದ್ರಕ್ಕೆ ಬರುವಷ್ಟರಲ್ಲಿ ಮತ್ತೆ ರೂಪಾಲಿ. ಮತ್ತೆ ಕಟ್.

“ಯಾರದು?” ಎಂದ ಶಾಂತಾರಾಮ.

“ಹೆಂಡ್ತಿ. ಬೀಗ ಹಾಕಿದ್ದಕ್ಕೆ ಬೈಯೂಕೆ. ಜೀವ ಉಳಿಸಿದವ್ರಿಗೆ ಯಾರು ಉಪಕಾರ ಹೇಳ್ತಾರೆ?”

“ನೀ ಆ ಟಾಂಕಿ ಬಿಟ್ಟು ಸ್ವಲ್ಪ ಕಿಡಕಿಯಿಂದ ಹೊರಗೆ ನೋಡು ಮಾರಾಯ. ಅಂಕೋಲಾ ಬದಿಗೆ ಎಂತಾ ಕಪ್ಪಾಗದೆ.”

ನೋಡಿದೆ. ಅಷ್ಟರಲ್ಲಾಗಲೇ ಹನ್ನೊಂದು ಸಲ ಕಟ್ ಮಾಡಿದ್ದೆ. ಹನ್ನೆರಡನೆಯದನ್ನು ಎತ್ತಿದೆ.

“ಕೀಲಿ ಎಲ್ಲಿಟ್ಟಿದ್ರಿ?” ಎಂದಳು.

“ಕಿಸೆಯಲ್ಲಿ.”

“ಎರಡೂ?”

“ಎರಡೂ.”

ಅವಳ ಉಸಿರಿನ ಹಿಂದೆ ಮಳೆಯ ಸದ್ದು ಕೇಳಿಸಿತು. “ಸರಿ,” ಎಂದಳು. “ಇನ್ನು ಗಡಬಡಿ ಮಾಡ್ಬೇಡಿ. ನಿಧಾನ ಬನ್ನಿ.”

ಬೈದಿದ್ದರೆ ಚೆನ್ನಾಗಿತ್ತು. ರಜೆ ಚೀಟಿ ಗೀಚಿ ಓಡಿದೆ. ಆ ದಿನ ಬಸ್ಸು ನಿಲ್ಲದ ಊರೇ ಇರಲಿಲ್ಲ. ಅವರ್ಸಾ ದಾಟುವಾಗ ಗಾಜಿನ ಆಚೆ ರಸ್ತೆಯೇ ಕಾಣುತ್ತಿರಲಿಲ್ಲ.

ಮನೆಯಲ್ಲಿ ರೂಪಾಲಿ ತಾರಸಿಯ ಬಾಗಿಲ ಕೆಳಗೆ, ಕೊನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಮಡಿಚಿಟ್ಟ ಪ್ಲಾಸ್ಟಿಕ್ ಹೊದಿಕೆ, ಪಕ್ಕದಲ್ಲಿ ತೆಂಗಿನಕಾಯಿ ಒಡೆಯುವ ಕತ್ತಿ. ಬೀಗದ ಮೇಲೆ ಕತ್ತಿಯ ಗುರುತುಗಳಿದ್ದವು. ಹೊಸ ಬೀಗ, ಒಳ್ಳೆಯ ಕಂಪನಿಯದು, ನಾನೇ ಆರಿಸಿ ತಂದದ್ದು.

ಬಾಗಿಲು ತೆಗೆದೆ. ತಾರಸಿಯ ಮೇಲೆ ಕೆನ್ನೇರಳೆ ನೀರು ಹರಿಯುತ್ತಿತ್ತು. ಏಳು ದಿನದ ಉಪ್ಪು, ರಸ, ಬಿಸಿಲು ಎಲ್ಲ ಕೊಳವೆಯ ಬಾಯಿ ಸೇರುತ್ತಿದ್ದವು. ನಾನು ಮೊಣಕಾಲೂರಿ ಉಬ್ಬಿದ ಸಿಪ್ಪೆಗಳನ್ನು ಅಂಗಿಯ ಮಡಿಲಿಗೆ ಬಳಿದುಕೊಳ್ಳುತ್ತಿದ್ದೆ. ಕಿಸೆಯಲ್ಲಿ ಮೊಬೈಲು ಟಿಣ್ ಎಂದಿತು. ಹಾಳು ಚಟ, ತೆಗೆದು ನೋಡಿದೆ. ಟಾಂಕಿ ಇಲ್ಲಿಂದ ಸಾವಿರಾರು ಮೈಲಿ ಆಚೆ, ಹಡಗೂ ಇಲ್ಲದ ಸಮುದ್ರದಲ್ಲಿ ಬಿದ್ದಿತ್ತು.

ರೂಪಾಲಿ ನನ್ನ ಹೆಗಲ ಹಿಂದಿನಿಂದ ಓದಿದಳು. “ಯಾರಿಗೂ ಹಾನಿ ಇಲ್ವಂತೆ,” ಎಂದಳು. “ಒಳ್ಳೇದಾಯ್ತು.” ಅಷ್ಟು ಹೇಳಿ ಕೆಳಗಿಳಿದಳು.

ಆಮೇಲೆ ನಾಲ್ಕು ದಿನ ಬಿಸಿಲು ಬರಲಿಲ್ಲ. ಐದನೇ ದಿನ ಬೂಸು ಹಿಡಿದ ಸಿಪ್ಪೆಯನ್ನು ಅವಳೇ ಬುಟ್ಟಿಯಲ್ಲಿ ತುಂಬಿ ತೆಂಗಿನ ಬುಡಕ್ಕೆ ಸುರಿದಳು. ನಾನು ಹಿಲ್ಲೂರಿಗೆ ಹೋಗಿ ಬೇರೆ ಸಿಪ್ಪೆ ತಂದೆ. “ಇಡಿ, ಸಾರಿಗೆ ಬೇಕಲ್ಲ,” ಎಂದಳು. ಸಾರು ಚೆನ್ನಾಗಿಯೇ ಇತ್ತು. ಅವಳು ಮಾತ್ರ ಬಡಿಸಿಕೊಳ್ಳಲಿಲ್ಲ. ಆ ದಿನ ನನಗೆ ನಿಜವಾಗಿ ನಾಚಿಕೆಯಾಯಿತು.

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಬಾವಿಯ ಹಿಂದೆ ಹೋದವನು ಅಲ್ಲೇ ನಿಂತೆ. ಹಣ್ಣು ಹೋಳು ಮಾಡಿದ ದಿನ ರೂಪಾಲಿ ಒಡೆದುಹೋದ ಹಣ್ಣುಗಳನ್ನೆಲ್ಲ ಬೀಜ ಸಮೇತ ಅಲ್ಲಿಗೆ ಎಸೆದಿದ್ದಳು. ಅಲ್ಲೊಂದು ಬೆರಳುದ್ದದ ಮುರುಗಲ ಮೊಳಕೆ, ತುದಿಯಲ್ಲಿ ಎರಡು ಕೆಂಪು ಎಲೆ. ಕೂಗಿ ಕರೆದೆ. ಅವಳು ಬಂದು, ಕುಕ್ಕುರುಗಾಲಲ್ಲಿ ಕುಳಿತು, ಎಲೆಯನ್ನು ಮುಟ್ಟಿ ನೋಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ತಿಂಗಳ ಮೇಲೆ ಮೊದಲ ಸಲ.

ನನಗೆ ಹುರುಪು ಬಂತು. “ಇದನ್ನ ನಾನೇ ಬೆಳೆಸ್ತೇನೆ. ಹಣ್ಣು ಯಾವಾಗ ಬಿಡ್ತದೆ?”

“ಏಳೆಂಟು ವರ್ಷ ಬೇಕು. ಅದೂ ಹೆಣ್ಣು ಗಿಡ ಆದ್ರೆ.”

“ಅಂದ್ರೆ?”

“ಮುರುಗಲಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಅರ್ಧಕ್ಕರ್ಧ ಗಂಡೇ ಹುಟ್ಟೂದು.”

ಲಕ್ಷ ಕೋಟಿಗೆ ಒಂದು ಎಂದಾಗಲೇ ಬೀಗ ಜಡಿದವನಿಗೆ ಎರಡಕ್ಕೆ ಒಂದು ಎಂದರೆ ಹೇಗಾಗಬೇಡ? “ಗಂಡಾದ್ರೆ ಎಂತ ಮಾಡ್ತದೆ?” ಎಂದು ಮೆಲ್ಲಗೆ ಕೇಳಿದೆ.

ರೂಪಾಲಿ ಎದ್ದು ಕೈಯ ಮಣ್ಣು ಕೊಡವಿದಳು.

“ಎಂತ ಮಾಡ್ತದೆ? ಹೂವು ಬಿಡ್ತದೆ, ಹಣ್ಣಿಲ್ಲ. ಆಕಾಶ ನೋಡ್ಕಂಡು ನಿಂತಿರ್ತದೆ.”

ನಾನು ತಲೆ ತಗ್ಗಿಸಿ ಗಿಡಕ್ಕೆ ಒಂದು ತಂಬಿಗೆ ನೀರು ಹಾಕಿದೆ. ಆಗ ಮಳೆ ಬರುತ್ತಿತ್ತು ಎಂಬುದನ್ನೂ ಅವಳೇ ಹೇಳಬೇಕಾಯಿತು.