ಡ್ರೈವರ್ ಇಲ್ಲದ ಕಾರ್ಡು

ಸುರುಳಿ ಮೆಟ್ಟಿಲನ್ನು ಪರದೆಯ ಮೇಲೆ ಗಿರಗಿರನೆ ತಿರುಗಿಸಿ ತೋರಿಸಬೇಕು ಎಂದು ಹಲ್ಲಿನ ಡಾಕ್ಟರಮ್ಮ ಕೇಳಿದ್ದೇ ಎಲ್ಲಕ್ಕೂ ಮೂಲ.

ಮರದ ಮೆಟ್ಟಿಲು ಮಾಡುವ ಆ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು ಒಬ್ಬನೇ. ಅವನ ಕಂಪ್ಯೂಟರು ನೇರ ಮೆಟ್ಟಿಲನ್ನು ಹೇಗೋ ಏದುಸಿರು ಬಿಡುತ್ತ ಎಳೆಯುತ್ತಿತ್ತು. ಸುರುಳಿ ಮೆಟ್ಟಿಲೆಂದರೆ ಮಾತ್ರ ಹೊಟ್ಟೆ ಬಿರಿಯ ಉಂಡ ಬೀಗರ ಹಾಗೆ ಕೂತ ಜಾಗ ಬಿಟ್ಟು ಏಳುತ್ತಿರಲಿಲ್ಲ. ಮೂರು ತಿಂಗಳು ಗೋಗರೆದ ಮೇಲೆ ಯಜಮಾನರು ಪರದೆಗೆ ಚಿತ್ರ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ತರಿಸಿದ್ದರು. ಅದು ಕೈಸೇರಿದ್ದು ಇವತ್ತು ಬೆಳಿಗ್ಗೆ. ಡಾಕ್ಟರಮ್ಮ ಬರುವುದು ಸಂಜೆ ನಾಲ್ಕಕ್ಕೆ.

ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಅಲ್ಲ, ಬಿಟ್ಟಿ ಸಿಗುವ ಲಿನಕ್ಸ್. ಹಾಕಿಕೊಟ್ಟವನು ಹೆಂಡತಿಯ ತಮ್ಮ. "ಇದು ಕೆಡೋದೇ ಇಲ್ಲ ಭಾವ" ಎಂದು ಹೇಳಿ ಹೋಗಿದ್ದ. ನಾಲ್ಕು ವರ್ಷದಿಂದ ಅದರ ಸೆಟ್ಟಿಂಗು ಯಾರೂ ಮುಟ್ಟಿರಲಿಲ್ಲವಾದ್ದರಿಂದ ಅದು ಕೆಟ್ಟೂ ಇರಲಿಲ್ಲ.

ನಕ್ಷೆಗಾರ ಪೆಟ್ಟಿಗೆ ಬಿಚ್ಚಿ, ದೂಳು ಊದಿ, ಕಾರ್ಡನ್ನು ಒಳಗೆ ಕೂರಿಸಿದ. ಯಂತ್ರ ಎದ್ದಿತು. ಪರದೆಯ ಮೂಲೆಯಲ್ಲಿ ಒಂದು ಸಾಲು ಬಂತು: ಈ ಕಾರ್ಡಿಗೆ ಡ್ರೈವರ್ ಇಲ್ಲ.

ಅವನು ಭಾವಮೈದನಿಗೆ ಫೋನ್ ಮಾಡಿದ. "ಡ್ರೈವರ್ ಇಲ್ಲ ಅಂತಿದೆ ಕಣೋ."

"ಡ್ರೈವರ್ ಅಂದ್ರೆ ಕಾರ್ಡನ್ನ ನಡೆಸೋ ಸಾಫ್ಟ್‌ವೇರ್. ನಿಮ್ಮ ಸಿಸ್ಟಮ್ ಹಳೇದು ಭಾವ. ಕಾರ್ಡ್ ನಿನ್ನೆ ಮೊನ್ನೆ ಹುಟ್ಟಿದ್ದು. ಇದರ ಪರಿಚಯ ಅದಕ್ಕೆಲ್ಲಿರುತ್ತೆ? ಪೂರ್ತಿ ಅಪ್‌ಗ್ರೇಡ್ ಮಾಡ್ಬಿಡಿ."

ಅಪ್‌ಗ್ರೇಡ್ ಶುರುವಾಯಿತು. ಅದು ಒಂದೇ ಸಮನೆ ಪ್ರಶ್ನೆ ಕೇಳತೊಡಗಿತು. "ಹಳೆಯದನ್ನು ಉಳಿಸಲೋ, ಹೊಸದನ್ನು ಹಾಕಲೋ? ಹೌದು ಅಥವಾ ಇಲ್ಲ." ಕಾಫಿಯೋ ಟೀಯೋ ಎಂದು ಕೇಳಿದರೆ ಹೌದು ಅನ್ನುವುದು ಹೇಗೆ? ನಕ್ಷೆಗಾರ ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎಂದು, ಯಾರಿಗೂ ಬೇಸರವಾಗದ ಹಾಗೆ ಹಂಚಿ ಉತ್ತರ ಕೊಟ್ಟ.

ಅರವತ್ತೊಂದು ಪರ್ಸೆಂಟಿಗೆ ಬಂದು ಅದು ನಿಂತಿತು. ಬಡಗಿ ಮೇಸ್ತ್ರಿ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಒಳಗೆ ಬಂದವನು, "ಎರಡು ತಟ್ಟು ತಟ್ಟಿ. ನಮ್ಮ ಗರಗಸದ ಮೆಷಿನ್ನೂ ಹೀಗೇ ಆಡೋದು" ಅಂದ. ನಕ್ಷೆಗಾರ ಬೇಡವೆನ್ನುವಷ್ಟರಲ್ಲಿ ತಾನೇ ತಟ್ಟಿಯೂ ಬಿಟ್ಟ. ಅದು ಅರವತ್ತೆರಡಕ್ಕೆ ಹೋಯಿತು. ಮೇಸ್ತ್ರಿ ಮೀಸೆ ತಿರುವಿ ಹೊರಟುಹೋದ. ತಟ್ಟಿದ್ದಕ್ಕೇ ಹೋಯಿತೋ, ಹೋಗುವ ಹೊತ್ತಿಗೆ ತಟ್ಟಿದನೋ ನಕ್ಷೆಗಾರನಿಗೆ ಬಗೆಹರಿಯಲಿಲ್ಲ.

ಮೂರು ಗಂಟೆಗೆ ಎಲ್ಲ ಮುಗಿದು ಯಂತ್ರ ತಾನಾಗಿ ಆರಿ ಮತ್ತೆ ಹೊತ್ತಿಕೊಂಡಿತು. ಫ್ಯಾನು ತಿರುಗಿತು, ದೀಪ ಮಿಟುಕಿತು. ಪರದೆ ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪು.

ಅಷ್ಟರಲ್ಲಿ ವ್ಯಾನ್ ಓಡಿಸುವವನು ಬಾಯೊರೆಸಿಕೊಳ್ಳುತ್ತ ಬಂದು ನಿಂತ. "ಕರೆದ್ರಂತೆ ಸಾರ್?"

"ನಾನೆಲ್ಲಿ ಕರೆದೆ?"

"ಡ್ರೈವರ್ ಇಲ್ಲ, ಡ್ರೈವರ್ ಇಲ್ಲ ಅಂತ ಬೆಳಿಗ್ಗೆಯಿಂದ ಕೂಗಾಡ್ತಿದೀರಂತೆ. ಫೋನಕ್ಕ ಹೇಳಿದ್ರು. ಲೋಡ್ ಇಳಿಸೋಕೆ ಹೋಗಿದ್ದೆ, ತಡ ಆಯ್ತು."

ಫೋನಕ್ಕ ಎಂದರೆ ಮುಂದಿನ ಹಾಲಿನಲ್ಲಿ, ಗಿರಾಕಿಗಳ ಟಿವಿಯ ಪಕ್ಕ ಕೂತು ಫೋನೆತ್ತುವ ಹೆಂಗಸು. ನಕ್ಷೆಗಾರ ಹಣೆ ಚಚ್ಚಿಕೊಂಡ. ಡ್ರೈವರ್ ಆಗಲೇ ಮೇಜಿನ ಕೆಳಗೆ ನುಸುಳಿದ್ದ. "ವೈರ್ ಸಡಿಲ ಆಗಿರುತ್ತೆ ಸಾರ್. ವ್ಯಾನಲ್ಲೂ ಹಿಂಗೇ. ಎರಡು ವೈರ್ ಕಿತ್ತಿದೀನಿ, ಯಾವುದು ಎಲ್ಲಿಗೆ?"

ನಕ್ಷೆಗಾರ ಅಷ್ಟರಲ್ಲಿ ಮತ್ತೆ ಫೋನ್ ಹಚ್ಚಿದ್ದ, ಕಿವಿಯಲ್ಲಿ ಭಾವಮೈದ ಮಾತಾಡುತ್ತಿದ್ದ. "ಎಲ್ಲಿ ತೂತು ಕಾಣುತ್ತೋ ಅಲ್ಲಿ ಚುಚ್ಚಪ್ಪ" ಎಂದು ನಕ್ಷೆಗಾರ ಡ್ರೈವರಿಗೆ ಅಂದುಬಿಟ್ಟ.

ಡ್ರೈವರ್ ಚುಚ್ಚಿ, ಮೊಣಕೈ ಒರೆಸಿಕೊಂಡು ಹೋದ. ಪರದೆ ಕಪ್ಪಾಗಿಯೇ ಇತ್ತು.

"ಪಾಸ್‌ವರ್ಡ್ ಕುರುಡಾಗೇ ಹೊಡೀರಿ ಭಾವ."

ಹೊಡೆದ. 'ಟಿಂಗ್' ಎಂದಿತು.

"ನೋಡಿದ್ರಾ, ಜೀವ ಇದೆ. ಈಗ ನಮ್ಮ ಚಾಟ್ ತಾನಾಗೇ ತೆರೆದಿರುತ್ತೆ. ಏನಾದ್ರೂ ಟೈಪ್ ಮಾಡಿ."

ನಕ್ಷೆಗಾರ 'ಊಟ ಆಯ್ತಾ' ಎಂದು ಹೊಡೆದ.

"ಬಂತು, ಬಂತು. ನಾನೊಂದು ಮೀಟಿಂಗಿಗೆ ಹೋಗಬೇಕು. ನೀವು ಕಾಲು ಗಂಟೆ ಬರೀತಾನೇ ಇರಿ. ಮೆಷಿನ್ ಮಧ್ಯೆ ನಿಲ್ಲುತ್ತೋ ಇಲ್ವೋ ಆಮೇಲೆ ಓದಿ ಹೇಳ್ತೀನಿ."

"ಏನು ಬರೀಲಿ?"

"ಮನಸ್ಸಿಗೆ ಬಂದಿದ್ದು."

ಕಾಣದ ಪರದೆಯ ಮುಂದೆ ಕೂತವನಿಗೆ ಕತ್ತಲಲ್ಲಿ ಮಾತಾಡುವವನ ಧೈರ್ಯ ಬರುತ್ತದೆ. ಬೆಳಿಗ್ಗೆಯಿಂದ ಊಟವಿಲ್ಲ. ಅವನ ಬೆರಳು ಓಡತೊಡಗಿದವು. 'ಈ ಸುರುಳಿ ಮೆಟ್ಟಿಲು ಆಗೋ ಹೋಗೋ ಮಾತಲ್ಲ. ಡಾಕ್ಟರಮ್ಮನಿಗೆ ಮೊಣಕಾಲು ನೋವು, ಕೋಲು ಹಿಡಿದು ನಡೀತಾರೆ. ಅವರು ಇದನ್ನ ಹತ್ತೋದು ಹೇಗೆ? ಯಜಮಾನರಿಗೆ ಹೇಳಿದೆ. ಹತ್ತೋದು ಅವರ ಕೆಲಸ, ಮಾರೋದು ನಮ್ಮ ಕೆಲಸ ಅಂದರು. ಮನುಷ್ಯ ಒಳ್ಳೆಯವರೇ, ಆದರೆ ಮೆಟ್ಟಿಲು ಮಾಡುವವರು ಒಂದು ಸಲವಾದರೂ ಮೆಟ್ಟಿಲು ಹತ್ತಿ ನೋಡಬೇಕು. ಅವರ ಮನೆಯಲ್ಲಿ ಲಿಫ್ಟಿದೆ.' ಬರೆದಷ್ಟೂ ಎದೆ ಹಗುರಾಯಿತು.

ಫೋನಕ್ಕ ಬಾಗಿಲಲ್ಲಿ ತಲೆ ಹಾಕಿದಳು. "ಸಾರ್, ಅಕ್ಷರ ಸ್ವಲ್ಪ ದೊಡ್ಡದು ಮಾಡ್ಬೇಕಂತೆ."

"ಯಾವ ಅಕ್ಷರ?"

"ಡಾಕ್ಟರಮ್ಮ ಬೇಗ ಬಂದ್ಬಿಟ್ರು. ಕನ್ನಡಕ ಮರೆತಿದಾರಂತೆ. ಲಿಫ್ಟ್ ಅಂತ ಬರೆದಿದ್ದು ಲಿಸ್ಟ್ ಅಂತ ಕಾಣಿಸ್ತಂತೆ."

ನಕ್ಷೆಗಾರ ಹಾಲಿಗೆ ಓಡಿದ. ಗಿರಾಕಿಗಳಿಗೆ ನಕ್ಷೆ ತೋರಿಸುವ ಗೋಡೆಯಗಲದ ಟಿವಿಯ ಮೇಲೆ ಅವನ ಅಂತರಾತ್ಮ ಸಾಲುಸಾಲಾಗಿ ಬೆಳಗುತ್ತಿತ್ತು. ಡ್ರೈವರ್ ಟಿವಿಯ ವೈರನ್ನು ಹೊಸ ಕಾರ್ಡಿಗೂ, ಮೇಜಿನ ಪರದೆಯದನ್ನು ಹೊಸ ಕಾರ್ಡ್ ಇರುವತನಕ ಕೆಲಸ ಮಾಡದ ಹಳೆಯ ತೂತಿಗೂ ಚುಚ್ಚಿದ್ದ. ಯಜಮಾನರು ಅದರ ಕೆಳಗೆ ನಿಂತಿದ್ದರು, ಮುಖ ಸುಟ್ಟ ಬದನೆಕಾಯಿ.

ಡಾಕ್ಟರಮ್ಮ ಕೋಲೂರಿಕೊಂಡು ಎದ್ದರು. "ಬರೆದೋರು ನೀವೇನಾ? ನೋವಿರೋ ಹಲ್ಲು ಮುಚ್ಚಿಡಬೇಡಿ ಅಂತ ದಿನಾ ರೋಗಿಗಳಿಗೆ ಬೈತೀನಿ. ಮೊಣಕಾಲಿನ ವಿಷಯದಲ್ಲಿ ನಾನೇ ಅದನ್ನ ಮಾಡ್ತಿದ್ದೆ. " ಯಜಮಾನರ ಕಡೆ ತಿರುಗಿದರು. "ನೇರ ಮೆಟ್ಟಿಲೇ ಇರಲಿ. ಎರಡೂ ಕಡೆ ಹಿಡ್ಕೊಳ್ಳೋಕೆ ಕಂಬಿ ಹಾಕಿ. ನಕ್ಷೆ ನಾಳೆ ಬೆಳಿಗ್ಗೆಗೆ ಬೇಕು, ಇವರೇ ಬರೀಬೇಕು."

ಅವರು ಹೋದರು. ಕೆಲಸ ಉಳಿಯಿತಲ್ಲ ಎಂದು ನಕ್ಷೆಗಾರ ಉಸಿರುಬಿಟ್ಟ. ಯಜಮಾನರು ಟಿವಿ ಆರಿಸಿ, ತಣ್ಣಗೆ ಹೇಳಿದರು: "ನೇರ ಮೆಟ್ಟಿಲು ತಾನೆ? ಅದಕ್ಕೆ ಹೊಸ ಕಾರ್ಡ್ ಯಾಕ್ರೀ? ಬಿಚ್ಚಿಕೊಡಿ. ವ್ಯಾನು ಆ ಕಡೆಗೇ ಹೊರಟಿದೆ, ಅಂಗಡಿಗೆ ವಾಪಸ್ ಹಾಕಿಬರಲಿ."

ಬಿಚ್ಚಿ ಕೊಟ್ಟ. ಡ್ರೈವರ್ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದ. ನಕ್ಷೆಗಾರ ಕಂಪ್ಯೂಟರ್ ಹಚ್ಚಿದ. ಮೂರು ಗಂಟೆಯಿಂದ ಮುನಿಸಿಕೊಂಡಿದ್ದ ಮೇಜಿನ ಪರದೆ ಒಮ್ಮೆಗೇ ಝಗ್ಗೆಂದು ಬೆಳಗಿತು. ಮಧ್ಯದಲ್ಲಿ ಒಂದು ಸಾಲಿತ್ತು: ಹೊಸ ಕಾರ್ಡ್ ಕಾಣುತ್ತಿಲ್ಲ. ಅದನ್ನು ಹಾಕುವವರೆಗೆ ಮುಂದುವರಿಯಲಾಗದು.

ಅವನು ಕಿಟಕಿಗೆ ಓಡಿದ. ವ್ಯಾನು ಗೇಟು ದಾಟಿ ರಸ್ತೆಗೆ ಇಳಿದಿತ್ತು.