ಎಳ್ಳಮಾಸಿಯ ಹೊಲದಲ್ಲಿ ಅತ್ತೆಯ ವೈರಸ್ ಪಾಠ

ನಮ್ಮ ಸೋದರತ್ತೆಗೆ ಸಿಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರಬೇಕಾದರೆ ಅದು ಮೊದಲು ಹೋಗಿರಬೇಕಲ್ಲವೆ? ಭಾಲ್ಕಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಬೈಯಲು ಮಕ್ಕಳು ಸಿಗದೆ, ಆಕೆ ಇಡೀ ಜಿಲ್ಲೆಯನ್ನೇ ತರಗತಿ ಮಾಡಿಕೊಂಡಿದ್ದಾಳೆ. ಹಿಂದಿನ ಬೆಂಚಿನವನು ನಾನು. ಮೈಲೂರಿನ ನಮ್ಮ ಓಣಿಯಲ್ಲಿ ಯಾರಾದರೂ ಸೀನಿದರೆ ನನಗೆ ಮೃತ್ಯುಪತ್ರ ಬರೆಯುವ ನೆನಪಾಗುತ್ತದೆ. ಅಂಥವನಿಗೇ ಎಚ್‌ಐವಿ ಪಾಠ ಹೇಳಬೇಕೆ?

ಹೇಳಿದ್ದು ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ, ತೊಗರಿ ರಾಶಿಯ ಮುಂದೆ. ವ್ಯಾಪಾರಿಯ ಜರಡಿಯನ್ನು ಕೇಳದೆಯೇ ಎತ್ತಿಕೊಂಡು, ಹಿಡಿ ತೊಗರಿ ಹಾಕಿ ಅಲ್ಲಾಡಿಸಿದಳು; ಒಂದೇ ಒಂದು ಕಾಳು ಕೆಳಗೆ ಬಿತ್ತು.

"ನೋಡು ತಮ್ಮಾ, ಒಬ್ಬರ ಮೈಯಾಗ ನೂರಾರು ನಮೂನಿ ವೈರಸ್ ಇರ್ತಾವ. ಇನ್ನೊಬ್ಬರ ಮೈಗಿ ದಾಟೋದು ಬಹಳ ಸಲ ಒಂದೇ ಒಂದು. ಮುಂದ ಅದೇ ಸಂಸಾರ ಬೆಳಸ್ತದ."

"ಅಕ್ಕಾರೆ, ತೊಗರಿ ತಗೋತೀರೋ, ಪಾಠ ಮಾಡ್ತೀರೋ?" ಎಂದ ವ್ಯಾಪಾರಿ.

"ಎರಡೂ. ಪಾಠ ಪುಕ್ಕಟ. ನೀನೂ ಕೇಳು."

ಮೈಯೊಳಗಿನ ಕಾವಲು ಪಡೆ ಅದರ ಗುರುತು ಹಿಡಿದು ಬೆನ್ನತ್ತುತ್ತದೆ, ಆಗ ಅದರ ಗುರುತೇ ಬದಲಾಗುತ್ತದೆ ಎಂದಳು. ಚೀಲದ ಮರೆಯಲ್ಲಿ ನಿಂತಿದ್ದ ನಾನು, "ಅಷ್ಟು ಶಾಣ್ಯಾ ಏನತ್ತಿ ಅದು?" ಎಂದೆ.

"ನಿನ್ನಷ್ಟೇ. ತಲಿ ಇಲ್ಲ. ತನ್ನ ನಕಲು ಮಾಡೂಮುಂದ ತಪ್ಪು ಮಾಡ್ತದ. ಗುರುತು ಸಿಕ್ಕವು ಸಾಯ್ತಾವ, ತಪ್ಪಿನಿಂದ ಗುರುತು ಕೆಟ್ಟವು ಉಳೀತಾವ."

ತಪ್ಪು ಮಾಡಿಯೇ ಉದ್ಧಾರವಾಗುವ ಜೀವವೂ ಇದೆಯಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಅವು ಬರಗಾಲದ ವರ್ಷಗಳು. ಔರಾದ ಕಡೆಯ ಊರುಗಳು ದುಡಿಯಲು ಹೈದರಾಬಾದಿಗೆ ಹೋಗಿ ಖಾಲಿಯಾಗಿದ್ದವು. ಆದರೂ ಎಳ್ಳಮಾಸಿಗೆ, ಎಂದರೆ ಎಳ್ಳ ಅಮಾವಾಸ್ಯೆಗೆ, ಎಲ್ಲರೂ ಮರಳಿದ್ದರು. ಆ ದಿನ ಹೊಲದಲ್ಲೇ ಊಟ. ಕಾಳು, ಸೊಪ್ಪು ಕುದಿಸಿದ ಭಜ್ಜಿ, ಅಂಬಲಿ. ದಾರಿಹೋಕರನ್ನು ಕರೆದು ಉಣ್ಣಿಸದಿದ್ದರೆ ಅದು ಹಬ್ಬವೇ ಅಲ್ಲ. ಅತ್ತೆಯೂ ನಾನೂ ಹೋಗಿದ್ದ ಆಕೆಯ ಮೈದುನನ ಹೊಲದಲ್ಲಿ ಜೋಳ ಮೊಣಕಾಲಿಗೂ ಬಂದಿರಲಿಲ್ಲ. ಭಜ್ಜಿಯ ಕಾಳು ಸಂತೆಯದು. ಆದರೂ ಆತ ಗುರುತಿಲ್ಲದ ಇಬ್ಬರು ಲಾರಿಯವರನ್ನು ಕೈಹಿಡಿದು ತಂದು ಪಂಕ್ತಿಯಲ್ಲಿ ಕೂರಿಸಿದ. ಸೊಸೆ ಶಿವಲೀಲಾಳಿಗೆ ಮಾತ್ರ ದೂರದ ಬದುವಿನ ಮೇಲೆ ಬೇರೆ ತಟ್ಟೆ.

ಹೈದರಾಬಾದಿನಿಂದ ಎಚ್‌ಐವಿ ತಂದವನು ಅವಳ ಗಂಡ, ಮೈದುನನ ಮಗ. ಆತ ಪಂಕ್ತಿಯಲ್ಲೇ ಕೂತು ಭಜ್ಜಿಯಲ್ಲಿ ಅವರೆಕಾಳು ಹುಡುಕುತ್ತಿದ್ದ.

"ಯಾಕಪಾ, ರಸ್ತ್ಯಾಗ ಹೋಗೋರು ಪಂಕ್ತಿಯಾಗ, ಮನಿ ಸೊಸಿ ಬದುವಿನ ಮ್ಯಾಲ?" ಅತ್ತೆ ಮೈದುನನನ್ನು ಕೇಳಿದಳು.

"ಹಬ್ಬದ ದಿವ್ಸ ಸುಮ್ನಿರ್ರಿ, ವೈನಿ. ನಾಳಿ ಆಕಿಗಿ ತವರಿಗಿ ಕಳಸ್ತೇವಿ, ಕಾಯಂ. ಮೊದಲನೇ ಟೆಸ್ಟಿನಾಗ ಆಕಿಗಿ ಏನೂ ಇರಲಿಲ್ಲ. ಎರಡನೇದ್ರಾಗ ಬಂತು. ನನ್ನ ಮಗನಿಂದ ಬಂದಿದ್ರ ಮೊದಲೇ ಕಾಣ್ತಿರಲಿಲ್ಲೇನು?"

ನನಗೂ ಸಿಟ್ಟು ಬಂತು. ಆದರೆ ನನ್ನದು ಅಂಬಲಿಯ ಜೊತೆ ಹೊಟ್ಟೆಗಿಳಿಯುವ ಜಾತಿಯ ಸಿಟ್ಟು. ಅತ್ತೆಯದು ಹಾಗಲ್ಲ.

"ನಿನ್ನೆ ಬಿತ್ತಿ ಇವತ್ತು ಮೊಳಕಿ ಹುಡುಕ್ತೀಯೇನು? ಒಕ್ಕಲುತನ ಮಾಡಾಂವ ಅಲ್ಲೇನು ನೀ? ಹೊಕ್ಕ ಕೂಡ್ಲೆ ಟೆಸ್ಟಿನಾಗ ಕಾಣಂಗಿಲ್ಲ, ವಾರಗಟ್ಟಲೆ ಹಿಡೀತದ. ಇನ್ನ ಪಂಕ್ತಿಯಾಗ ಉಂಡ್ರ ಅದು ಹತ್ತಂಗಿಲ್ಲ. ಹತ್ತೋದಾಗಿದ್ರ ನಿನ್ನ ಮಗ ನಿನ್ನ ಬಾಜೂನೇ ಕುಂತಾನ, ಎದ್ದು ಓಡು."

ಲಾರಿಯವರಲ್ಲೊಬ್ಬ ಕಿಸಕ್ಕನೆ ನಕ್ಕ. ಮೈದುನ ನಗಲಿಲ್ಲ. "ನಾಳಿ ಕಳಸೋದೇ," ಎಂದು ಎದ್ದು ಕೈ ತೊಳೆದ. ಮಗ ಭಜ್ಜಿಯಲ್ಲಿ ಮತ್ತೊಂದು ಅವರೆಕಾಳು ಹುಡುಕಿದ. ಕಲ್ಲನ್ನು ಕರಗಿಸುವ ಪಾಠ ಯಾವ ಸಾಲೆಯಲ್ಲಿದೆ?

ಅತ್ತೆ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಬದುವಿನ ಮೇಲೆ ಕೂತಳು. ನಾನೂ ಅಂಜುತ್ತಲೇ ಹೋದೆ; ಅಂಜಿದ್ದು ಮೈದುನನಿಗೆ, ರೋಗಕ್ಕಲ್ಲ.

ಶಿವಲೀಲಾ ಮೆಲ್ಲಗೆ ಕೇಳಿದಳು: "ದೊಡ್ಡತ್ತಿ, ದವಾಖಾನ್ಯಾಗ ಅಂದ್ರು, ಅದು ಮೈಯಾಗ ಹೊಕ್ಕು ಬದಲಾಗ್ತದಂತ. ನನ್ನ ಮೈ ಅಷ್ಟು ಹೊಲಸದೇನ್ರಿ?"

ಅತ್ತೆಗೆ ಆ ದನಿಯೂ ಇದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಇಲ್ಲವ್ವಾ. ನಿನ್ನ ಮೈ ಸುಮ್ನ ಕುಂತಿದ್ರ ಅದಕ್ಕ ಬದಲಾಗೋ ಜರೂರತ್ತೇ ಇರ್ತಿರಲಿಲ್ಲ. ನಿನ್ನ ಮೈ ಅದರ ಬೆನ್ನ ಹತ್ತೇದ, ಅದಕ್ಕೇ ಬದಲಾಗೇದ. ಯಾರಿಗೂ ಗೊತ್ತಿಲ್ಲದಂಗ ಒಬ್ಬಾಕಿನೇ ಹೊಡದಾಡೀದಿ. ಇನ್ನ ನಿನ್ನ ಜೋಡಿ ಗುಳಿಗಿ ಹೊಡದಾಡ್ತಾವ. ನಾಳಿ ತವರಿಗಿ ಬ್ಯಾಡ, ಭಾಲ್ಕಿಗಿ ನಡಿ, ನನ್ನ ಮನಿಗಿ. ದಿನಾ ಬೈತೇನಿ. ಅದೊಂದು ತಡ್ಕೋ."

"ತಡ್ಕೋತೇನಿ," ಎಂದಳು ಹುಡುಗಿ, ಬಾಯಲ್ಲಿ ತುತ್ತಿಟ್ಟುಕೊಂಡೇ. ಅತ್ತೆ ಬೈಯದೆ, ಸೆರಗಿನ ತುದಿಯಿಂದ ಅವಳ ತುಟಿಯಂಚಿನ ಅಂಬಲಿಯನ್ನು ಒರೆಸಿದಳು.