ಎಡಗೈ ಚಾಚಿದ ಶತಮಾನೋತ್ಸವ

ಸ್ಕೌಟ್ ಮೇಷ್ಟ್ರಾದವನಿಗೆ ನಗೆಪಾಟಲಾಗಲು ಬೇರೆ ಕಾರಣ ಬೇಕಿಲ್ಲ, ಈ ವಯಸ್ಸಿನಲ್ಲಿ ಹಾಕುವ ಖಾಕಿ ಚಡ್ಡಿಯೇ ಸಾಕು. ಆದರೆ ಪ್ರಪಂಚದ ಸ್ಕೌಟ್ ಚಳವಳಿಗೆ ನೂರು ತುಂಬಿದಾಗ ಯಲಹಂಕದ ನಮ್ಮ ಶಾಲೆಯಲ್ಲಿ ನಡೆದದ್ದು ಕೊಂಚ ಅತಿಯೇ ಆಯಿತು.

೧. ಆಹ್ವಾನ

ನಮ್ಮ ಮಕ್ಕಳು ಡೇರೆ ಹಾಕುವುದನ್ನು ಕಲಿಯುತ್ತಿದ್ದುದು ಶಾಲೆಯ ಪಕ್ಕದ ಖಾಲಿ ಜಾಗದಲ್ಲಿ. ಅದರ ಯಜಮಾನರು ನೆರೆಯೂರು ಕೋಗಿಲಿನ ಹಳೇ ಕುಳ. ಅವರು ಬೇಲಿ ಹಾಕಿಸುತ್ತಾರಂತೆ ಎಂದು ಕೇಳಿ ನನಗೆ ನಿದ್ದೆ ಬಂದಿರಲಿಲ್ಲ. ಅವರನ್ನೇ ಶತಮಾನೋತ್ಸವದ ಮುಖ್ಯ ಅತಿಥಿ ಮಾಡಿದರೆ ಮನಸ್ಸು ಕರಗೀತೆಂದು ಮನೆಗೆ ಹೋದೆ. ಸ್ಕೌಟ್‌ಗಳು ಕೈಕುಲುಕುವುದು ಎಡಗೈಯಲ್ಲಿ. ಅಭ್ಯಾಸಬಲ, ಅದನ್ನೇ ಚಾಚಿಬಿಟ್ಟೆ.

ಯಜಮಾನರ ಮುಖ ಗಂಟಿಕ್ಕಿತು. "ಬಲಗೈಗೆ ಏನಾಯ್ತು ಮೇಷ್ಟ್ರೇ?"

ಇದು ನಮ್ಮ ಪದ್ಧತಿ ಎನ್ನಲು ಧೈರ್ಯ ಸಾಲಲಿಲ್ಲ. "ಉಳುಕಿದೆ ಸಾರ್."

"ಅಯ್ಯೋ, ಇಂಗೆ ಬಿಟ್ರೆ ಆಯ್ತದಾ?" ಎಂದು ಅವರ ಮನೆಯವರು ಒಳಗಿಂದ ಬಂದು, ಬಿಸಿ ಎಣ್ಣೆ ಹಚ್ಚಿ, ನೀವಿ, ಬಟ್ಟೆ ಕಟ್ಟಿ ಕಳಿಸಿದರು. ಆಹ್ವಾನ ಪತ್ರಿಕೆಗೂ ಎಣ್ಣೆ ಹತ್ತಿತ್ತು.

೨. ಪ್ರಥಮ ಚಿಕಿತ್ಸೆ

ಯಜಮಾನರು ದಿನಾ ಶಾಲೆಯ ಮುಂದೆಯೇ ಓಡಾಡುವವರು. ಹಾಗಾಗಿ ಕೈಗೆ ಕಟ್ಟಿದ ಬಟ್ಟೆ ಬಿಚ್ಚುವಂತಿರಲಿಲ್ಲ. ಅದನ್ನು ಕಂಡ ನಮ್ಮ ಮಕ್ಕಳಿಗೆ ಹಬ್ಬ. ಸಮಾರಂಭದಲ್ಲಿ ಪ್ರಥಮ ಚಿಕಿತ್ಸೆ ತೋರಿಸಬೇಕಿತ್ತಲ್ಲ!

"ಸಾರ್, ಕಟ್ಟಿರೋದು ಸರಿಯಿಲ್ಲ, ನಾವ್ ಕಟ್ತೀವಿ" ಎಂದು ಮೂವತ್ತೆರಡು ಮಕ್ಕಳೂ ಸರದಿಯ ಮೇಲೆ ಬಿಚ್ಚಿ ಕಟ್ಟಿದರು. ಗಂಟು ಬಿಗಿಯಬೇಕೆಂದು ಕಲಿಸಿದವನು ನಾನೇ. ಸಂಜೆಗೆ ಕೈ ನಿಜವಾಗಿಯೂ ಊದಿತ್ತು.

೩. ಹಸ್ತಲಾಘವ

ಸಮಾರಂಭಕ್ಕೆ ಮೊದಲು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿದೆ: "ಅತಿಥಿಗಳಿಗೆ ಬಲಗೈ ಕೊಡಿ. ಎಡಗೈ ಎತ್ತಿದ್ರೆ ಜಾಗ ಹೋಯ್ತು ಅಂತ್ಲೇ ತಿಳ್ಕೊಳ್ಳಿ."

ಯಜಮಾನರ ಮೊಮ್ಮಗಳು ಬ್ಯಾಟರಾಯನಪುರದ ಶಾಲೆಯಲ್ಲಿ ಗೈಡ್ ಎಂಬುದು ನನಗೆ ಗೊತ್ತಿರಲಿಲ್ಲ. ಸ್ಕೌಟ್ ಪದ್ಧತಿಯನ್ನೆಲ್ಲ ಅವಳು ತಾತನಿಗೆ ಹೇಳಿಕೊಟ್ಟು ಕಳಿಸಿದ್ದಳು. ಯಜಮಾನರು ಬಂದವರೇ ನಗುತ್ತಾ ಎಡಗೈ ಚಾಚಿದರು. ಮೊದಲನೇ ಹುಡುಗಿ ಬಲಗೈ ಚಾಚಿದಳು. ಎರಡನೆಯವನೂ ಬಲಗೈ. ಸಾಲಿಗೆ ಸಾಲೇ ಬಲಗೈ. ಒಂದು ಕೈಗೂ ಇನ್ನೊಂದು ಕೈ ಕೂಡಲಿಲ್ಲ.

ಅವರು ಸಾಲಿನ ಕೊನೆಗೆ ಬಂದು ನನ್ನ ಕೈಯ ಕಟ್ಟು ನೋಡಿದರು, ಆಮೇಲೆ ಮಕ್ಕಳನ್ನು ನೋಡಿ, ಎಲ್ಲ ಅರ್ಥವಾದವರಂತೆ ನಕ್ಕರು.

"ಬೇಲಿ ಹಾಕಲ್ಲ, ಜಾಗ ನೀವೇ ಇಟ್ಕೊಳ್ಳಿ ಮೇಷ್ಟ್ರೇ," ಎಂದರು. "ಆದ್ರೆ ಇಷ್ಟೂ ಮಕ್ಕಳ ಎಡಗೈ ಉಳುಕಿದ್ರೆ, ಅಷ್ಟು ಎಣ್ಣೆ ನಮ್ಮನೇಲಿಲ್ಲ ಕಣ್ರೀ."